ಗಾಳಿಯನ್ನು ಗುದ್ದುವ ವಿದ್ಯೆ

ಫಲವಿಲ್ಲದ ಸಾಹಸಕ್ಕೆ ಕೈಹಾಕಿ ಬಳಲಿದವನನ್ನು ಕಂಡು ‘ಗಾಳಿಯನ್ನು ಗುದ್ದಿ ಮೈ ನೋಯಿಸಿಕೊಂಡ’ ಎಂದು ಹಾಸ್ಯಮಾಡುವ ರೂಢಿ ನಮ್ಮಲ್ಲಿ ಬಹುಕಾಲದಿಂದ ಬಂದಿದೆ. ಬಂಡೆಯನ್ನು ಗುದ್ದಿದವನಿಗೆ ಕೈ ನೋಯುವುದು ಸಹಜ. ಮನುಷ್ಯನನ್ನು ಗುದ್ದಿದವನಿಗೆ ಮರುಗುದ್ದು ಬಿದ್ದು ಮೈ ನೋಯುವುದೂ ಸಹಜ. ಆದರೆ ತಡೆಯೊಡ್ಡದ, ತಿರುಗಿ ಹೊಡೆಯದ, ಹೊಡೆಸಿಕೊಂಡೆನೆಂಬ ಅರಿವೂ ಇಲ್ಲದ ಗಾಳಿಯನ್ನು ಗುದ್ದಿದವನಿಗೆ ಮೈ ನೋಯುವುದೇಕೆ? ಈ ಮಾತನ್ನು ನೂರಾರು ಸಲ ಆಡಿಯೂ ಕೇಳಿಯೂ ಇದ್ದ ನನಗೆ ಈ ಪ್ರಶ್ನೆ ಒಮ್ಮೆಯೂ ತೋರಿರಲಿಲ್ಲ. ಕಳೆದ ಆಟಿ ತಿಂಗಳಿನಲ್ಲಿ, ಐವತ್ತೆಂಟರ ವಯಸ್ಸಿನಲ್ಲಿ, ಮಂಗಳೂರಿನ ಬೋಳಾರದ ಒಂದು ಹಂಚಿನ ಮಾಡಿನ ಕೆಳಗೆ ನಿಂತು ಸ್ವತಃ ಗಾಳಿಯನ್ನು ಗುದ್ದಿ, ಮೈಯನ್ನು ಯಥೇಚ್ಛವಾಗಿ ನೋಯಿಸಿಕೊಂಡು, ಎರಡು ದಿನ ಅಂಗಿ ತೊಡುವುದಕ್ಕೂ ಹೆಣಗಿದ ಮೇಲಷ್ಟೇ ಅದು ಹೊಳೆಯಿತು.

ಮಂಗಳೂರಿನ ಮಳೆಗಾಲವನ್ನು ಕಂಡವರಿಗೆ ನಾನು ಅಲ್ಲಿಗೆ ಹೋದ ಕಾರಣವನ್ನು ವಿವರಿಸಬೇಕಾದುದಿಲ್ಲ. ಜೂನ್ ತಿಂಗಳಲ್ಲಿ ಹಿಡಿದ ಮಳೆ ಸೆಪ್ಟೆಂಬರಿನವರೆಗೆ ಬಿಡುವುದೆಂದರೆ ಉಸಿರು ತಿರುಗಿಸಿಕೊಳ್ಳುವುದಕ್ಕೆ ಮಾತ್ರ. ಕದ್ರಿ ಪಾರ್ಕಿನ ಸಂಜೆಯ ನಡಿಗೆ ನಿಂತುಹೋಗಿ, ನೆಹರೂ ಮೈದಾನ ನಟ್ಟಿಗೆ ಹದಮಾಡಿದ ಗದ್ದೆಯಂತಾಗಿ, ದಿನವಿಡೀ ಮೇಜಿನ ಮುಂದೆ ಬೆನ್ನು ಬಾಗಿಸಿ ಕುಳಿತ ನನ್ನ ಎಡಹೆಗಲು ತುಕ್ಕು ಹಿಡಿದ ಬಾಗಿಲಿನಂತೆ ಅರ್ಧಕ್ಕೆ ಬಂದು ನಿಲ್ಲತೊಡಗಿತು. ಕೈಯನ್ನು ತಲೆಯ ಮೇಲೆ ಎತ್ತುವ ಕೆಲಸವನ್ನು ನೀವು ಬಿಟ್ಟರೆ ಹೆಗಲೂ ನಿಮ್ಮನ್ನು ಬಿಡುವುದು ಎಂದು ವೈದ್ಯರು ಹೇಳಿದರು. ಹಾಗೆ ಸೇರಿದ್ದು ಆ ವ್ಯಾಯಾಮಶಾಲೆಗೆ. ಕರಾವಳಿಯ ಹಳೆಯ ವ್ಯಾಯಾಮಶಾಲೆಗಳಲ್ಲಿ ಅನೇಕವು ಮಾರುತಿಯ ಹೆಸರನ್ನೋ ಆಂಜನೇಯನ ಹೆಸರನ್ನೋ ಹೊತ್ತಿರುವಂತೆ ಇದೂ ಹೊತ್ತಿದ್ದಿತು. ಗೋಡೆಯಲ್ಲಿ ಸಂಜೀವಪರ್ವತವನ್ನೆತ್ತಿದ ಹನುಮಂತನ ಪಟ, ಅದಕ್ಕೊಂದು ದಾಸವಾಳ, ಮೂಲೆಯಲ್ಲಿ ಉಪ್ಪುಗಾಳಿಗೆ ಸಿಕ್ಕಿ ಕೆಂಪೇರಿದ ಕಬ್ಬಿಣದ ಗುಂಡುಗಳು, ಮಾಡಿನ ಜಂತಿಯಿಂದ ಇಳಿಬಿಟ್ಟ ಒಂದು ಬಲ್ಬು.

ಅಲ್ಲಿ ಕಲಿಸುವವರು ಯೌವನದಲ್ಲಿ ಸೈನ್ಯದಲ್ಲಿದ್ದು ಬಾಕ್ಸಿಂಗ್ ಕಲಿತವರು. ಊರಿಗೆ ಮರಳಿದ ಮೇಲೆ ಹಲವು ನವರಾತ್ರಿಗಳಲ್ಲಿ ಹುಲಿವೇಷ ಹಾಕಿದವರು. ನನಗೆ ಗುಂಡು ಎತ್ತಿಸುವರೆಂದು ಅಂಜಿದ್ದವನಿಗೆ ಅವರು ಆ ಬಲ್ಬನ್ನು ಬೆನ್ನ ಹಿಂದೆ ಬರುವಂತೆ ನಿಲ್ಲಿಸಿ, ಗೋಡೆಯ ಮೇಲೆ ಬಿದ್ದ ನನ್ನದೇ ನೆರಳನ್ನು ತೋರಿಸಿ, ಇದೇ ನಿಮ್ಮ ಎದುರಾಳಿ ಎಂದರು. ಮೂರು ನಿಮಿಷ ಗುದ್ದಬೇಕು, ಒಂದು ನಿಮಿಷ ನಿಲ್ಲಬೇಕು. ಇಂಗ್ಲೆಂಡಿನಲ್ಲಿ 1867ರಲ್ಲಿ ಪ್ರಕಟವಾದ ಕ್ವೀನ್ಸ್‌ಬೆರಿ ನಿಯಮಾವಳಿಯಿಂದ ಬಂದ ಕಾಲಮಾನವಿದು. ಮೂರು ನಿಮಿಷವೆಂದರೆ ಎಷ್ಟು ದೀರ್ಘವೆಂಬುದು ಆ ನಿಯಮವನ್ನು ಬರೆದವರಿಗೆ ಗೊತ್ತಿದ್ದಿತೋ ಇಲ್ಲವೋ ತಿಳಿಯದು. ಖಾಲಿ ಕೈ, ಎದುರಿಗೆ ಯಾರೂ ಇಲ್ಲ ಎಂಬ ಧೈರ್ಯದಿಂದ ಆರಂಭಿಸಿದ ನಾನು ಒಂದೂವರೆ ನಿಮಿಷ ಕಳೆಯುವಷ್ಟರಲ್ಲಿ ಮುಷ್ಟಿಗಳನ್ನು ಗಲ್ಲದ ಮಟ್ಟಕ್ಕೆ ಎತ್ತಿ ಹಿಡಿಯಲಾರದೆ ಹೊಟ್ಟೆಯ ಬಳಿಗೆ ಇಳಿಸಿದ್ದೆನು. ನೆರಳು ಮಾತ್ರ ನನ್ನಷ್ಟೇ ದಣಿದಿತ್ತು ಎಂಬುದೊಂದೇ ಸಮಾಧಾನ.

ಸೋಜಿಗವಾದದ್ದು ಮಾರನೆಯ ದಿನ. ಗುದ್ದುವುದು ಎದೆಯ ಮತ್ತು ತೋಳಿನ ಮುಂಭಾಗದ ಕೆಲಸವೆಂದು ನಂಬಿದ್ದವನಿಗೆ ಎದೆ ಅಷ್ಟಾಗಿ ನೋಯಲಿಲ್ಲ. ನೋವೆಲ್ಲ ಹೆಗಲಿನ ಹಿಂಭಾಗದಲ್ಲಿ, ಬೆನ್ನಿನ ರೆಕ್ಕೆಯೆಲುಬುಗಳ ಸುತ್ತಲೂ, ಕಂಕುಳಿನ ಕೆಳಗಿನ ಪಕ್ಕೆಗಳಲ್ಲಿ ಕಾಣಿಸಿಕೊಂಡಿತು. ಎಲ್ಲಿಯೋ ತಪ್ಪು ಮಾಡಿರಬೇಕೆಂದು ಮೂರನೆಯ ದಿನ ಹೋಗಿ ದೂರು ಹೇಳಿಕೊಂಡೆನು. ಅವರು ನಕ್ಕು, “ಸರಿಯೇ ಉಂಟಲ್ಲ ಮಾರಾಯ್ರೆ. ನೀವು ಬಿಟ್ಟ ಕೈಯನ್ನು ಹಿಡಿದು ನಿಲ್ಲಿಸಿದ್ದು ಯಾರು? ಚೀಲಕ್ಕೆ ಗುದ್ದಿದರೆ ಚೀಲ ನಿಲ್ಲಿಸ್ತದೆ. ಇಲ್ಲಿ ಚೀಲ ಇಲ್ಲ, ನಿಮ್ಮ ಬೆನ್ನೇ ನಿಲ್ಲಿಸಬೇಕು” ಎಂದರು.

ಗಾದೆಯ ಗಂಟು ಬಿಚ್ಚಿದ್ದು ಆ ಒಂದು ಮಾತಿನಿಂದ. ಮನುಷ್ಯನ ಒಂದು ತೋಳು, ಅಂಗೈ ಸೇರಿ, ದೇಹದ ತೂಕದಲ್ಲಿ ನೂರಕ್ಕೆ ಸುಮಾರು 5ರಷ್ಟಿರುವುದು. ಅರುವತ್ತು ಕಿಲೋ ತೂಗುವವನ ತೋಳು ಮೂರು ಕಿಲೋದ ಹತ್ತಿರ ಬರುವುದು. ಪಳಗಿದ ಬಾಕ್ಸರನ ಮುಷ್ಟಿ ಸೆಕೆಂಡಿಗೆ 6ರಿಂದ 9 ಮೀಟರ್ ವೇಗದಲ್ಲಿ ಹೊರಡುತ್ತದೆ. ನನ್ನಂಥವನದು ಅದರ ಅರ್ಧವೆಂದು ಇಟ್ಟುಕೊಂಡರೂ, ಹಾಗೆ ಚಿಮ್ಮಿದ ಮೂರು ಕಿಲೋದ ವಸ್ತು ಒಂದು ಗೇಣಿನ ಅಂತರದೊಳಗೆ ನಿಲ್ಲಬೇಕು; ನಿಲ್ಲಿಸುವುದಕ್ಕೆ ಎದುರಿಗೆ ಯಾವ ಆಧಾರವೂ ಇಲ್ಲ. ಆಗ ಹೆಗಲಿನ ಹಿಂಭಾಗದ ಸ್ನಾಯುಗಳು, ರೆಕ್ಕೆಯೆಲುಬಿನಿಂದ ಹೊರಟು ತೋಳಿನ ಮೂಳೆಯ ತಲೆಯನ್ನು ಕುಣಿಕೆಯಂತೆ ಸುತ್ತುವರಿದು ಅದು ಕುಳಿಯಿಂದ ಜಾರದಂತೆ ಕಾಯುವ, ವೈದ್ಯರು ರೊಟೇಟರ್ ಕಫ್ ಎಂದು ಕರೆಯುವ ನಾಲ್ಕು ಸಣ್ಣ ಸ್ನಾಯುಗಳು, ಬೆನ್ನಿನ ಅಗಲವಾದ ಸ್ನಾಯು, ಇವೆಲ್ಲವೂ ಹಿಗ್ಗುತ್ತ ಹಿಗ್ಗುತ್ತಲೇ ಬಿಗಿದು ಓಡುವ ಕರುವಿನ ಹಗ್ಗವನ್ನು ಹಿಡಿದವನಂತೆ ತೋಳನ್ನು ತಡೆಯುತ್ತವೆ. ಸ್ನಾಯು ಕುಗ್ಗುತ್ತ ಮಾಡುವ ಕೆಲಸಕ್ಕಿಂತ ಹೀಗೆ ಹಿಗ್ಗುತ್ತ ಮಾಡುವ ಕೆಲಸವೇ ಅಭ್ಯಾಸವಿಲ್ಲದವನನ್ನು ಹೆಚ್ಚು ನೋಯಿಸುವುದು; ಆ ನೋವು ಕೂಡಲೇ ತೋರದೆ ಒಂದೆರಡು ದಿನ ಕಳೆದು ಪರಾಕಾಷ್ಠೆಗೆ ಬರುವುದು; ಅದೇ ಕೆಲಸವನ್ನು ಮತ್ತೆ ಮತ್ತೆ ಮಾಡಿದಾಗ ಮಾಯವಾಗುವುದು. ಗಾಳಿ ಅಡ್ಡ ಬಾರದಿರುವುದೇ ಮೈ ನೋಯುವುದಕ್ಕೆ ಕಾರಣ.

ಮುಷ್ಟಿ ಮುಂದಕ್ಕೆ ಹೋಗುವಾಗ ದುಡಿಯುವ ಸ್ನಾಯುಗಳಲ್ಲಿ ಒಂದನ್ನು ಮಾತ್ರ ಇಲ್ಲಿ ಹೆಸರಿಸಬೇಕು. ಪಕ್ಕೆಲುಬುಗಳ ಮೇಲೆ ಗರಗಸದ ಹಲ್ಲಿನಂತೆ ಸಾಲಾಗಿ ನಾಟಿಕೊಂಡು ರೆಕ್ಕೆಯೆಲುಬಿನ ಒಳಅಂಚನ್ನು ಹಿಡಿದಿರುವ ಸೆರೇಟಸ್ ಎಂಬ ಸ್ನಾಯುವಿಗೆ ‘ಬಾಕ್ಸರನ ಸ್ನಾಯು’ ಎಂದೇ ಅಡ್ಡಹೆಸರಿದೆ. ಗುದ್ದಿನ ಕಡೆಯ ಎರಡು ಅಂಗುಲವನ್ನು ಒದಗಿಸುವುದು ಅದು. ಕೈಯನ್ನು ತಲೆಯ ಮೇಲೆ ಎತ್ತುವಾಗ ರೆಕ್ಕೆಯೆಲುಬನ್ನು ತಿರುಗಿಸಿಕೊಡುವುದೂ ಅದೇ. ಕುರ್ಚಿಯಲ್ಲಿ ಕುಳಿತು ಜೀವಮಾನ ಕಳೆಯುವವರಲ್ಲಿ ಅದು ನಿದ್ದೆಹೋಗಿರುವುದು. ನನ್ನ ಹೆಗಲಿನ ಬಾಗಿಲು ಅರ್ಧಕ್ಕೆ ನಿಲ್ಲುತ್ತಿದ್ದುದರಲ್ಲಿ ಅದರ ಪಾಲೂ ಇದ್ದಿತು.

ಇಷ್ಟು ಹೇಳಿದೆನೆಂದು, ನೆರಳನ್ನು ಗುದ್ದಿದರೆ ಭೀಮಬಲ ಬರುವುದೆಂದು ಯಾರೂ ತಿಳಿಯಬಾರದು. ಬಲವೆಂಬ ಒಂದೇ ಮಾತಿನಲ್ಲಿ ನಾವು ಎರಡು ಬೇರೆ ಬೇರೆ ಗುಣಗಳನ್ನು ಕಟ್ಟಿಹಾಕಿಬಿಟ್ಟಿದ್ದೇವೆ. ಇದೇ ಬೋಳಾರದ ಮಂಗಳಾದೇವಿಯ ನವರಾತ್ರಿಯಲ್ಲಿಯೂ ಕುದ್ರೋಳಿಯ ದಸರೆಯಲ್ಲಿಯೂ ಹುಲಿವೇಷಧಾರಿಗಳು ತಾಸೆಯ ಪೆಟ್ಟಿಗೆ ಕುಣಿಯುತ್ತ ಬಂದು, ಬೈಹುಲ್ಲಿನ ಹಗ್ಗದಿಂದ ಬಿಗಿದ, ಸುಮಾರು 42 ಕಿಲೋ ತೂಗುವ ಅಕ್ಕಿಮುಡಿಯನ್ನು ಹಲ್ಲಿನಲ್ಲಿ ಕಚ್ಚಿ ಎತ್ತಿ ತಲೆಯ ಮೇಲಿಂದ ಹಿಂದಕ್ಕೆ ಎಸೆಯುವುದನ್ನು ನೋಡಿದವರಿಗೆ ಮೊದಲನೆಯ ಗುಣ ಯಾವುದೆಂದು ಬೇರೆ ಹೇಳಬೇಕಾಗಿಲ್ಲ. ಒಂದೇ ಕ್ಷಣದಲ್ಲಿ ಇದ್ದ ಶಕ್ತಿಯನ್ನೆಲ್ಲ ಒಟ್ಟುಮಾಡಿ ಭಾರವನ್ನು ಸೋಲಿಸುವುದು ಅದು. ಅದನ್ನು ಪಡೆಯಬೇಕಾದರೆ ಭಾರವನ್ನೇ ಎತ್ತಬೇಕು, ಆ ಭಾರವನ್ನು ದಿನೇದಿನೇ ಸ್ವಲ್ಪಸ್ವಲ್ಪವಾಗಿ ಏರಿಸುತ್ತ ಹೋಗಬೇಕು. ಆದರೆ ಅದೇ ಹುಲಿವೇಷದವನು, ಮೈಗೆ ಬಳಿದ ಬಣ್ಣ ಒಣಗುವವರೆಗೆ ಕೈಗಳನ್ನು ಅಗಲಿಸಿ ಕೋಲಿನ ಆಸರೆಯಲ್ಲಿ ಗಂಟೆಗಟ್ಟಲೆ ನಿಂತು, ಬಳಿಕ ಬೀದಿಯಿಂದ ಬೀದಿಗೆ ದಿನವಿಡೀ ಗಾಳಿಗೆ ಪಂಜ ಹೊಡೆಯುತ್ತ ಕುಣಿಯುವನಲ್ಲ, ಅದು ಎರಡನೆಯ ಗುಣ. ತಾಳಿಕೆ ಎನ್ನಬಹುದು. ನೆರಳಿನ ಮುಷ್ಟಿಯುದ್ಧ ಬೆಳೆಸುವುದು ಈ ಎರಡನೆಯದನ್ನು. ತೋಳಿನ ಸ್ವಂತ ತೂಕಕ್ಕಿಂತ ಹೆಚ್ಚಿನ ಭಾರ ಅದರಲ್ಲಿ ಇಲ್ಲದಿರುವುದರಿಂದ ಕೆಲವು ವಾರಗಳಲ್ಲಿ ದೇಹ ಅದಕ್ಕೆ ಒಗ್ಗಿಹೋಗಿ, ಮುಂದೆ ಚುರುಕು, ಹದ, ಉಸಿರಿನ ಹಿಡಿತ, ಹೆಗಲಿನ ಸಹನೆ ಬೆಳೆಯುತ್ತವೆಯೇ ಹೊರತು ತೋಳಿನ ಗಾತ್ರ ಹೇಳಿಕೊಳ್ಳುವಷ್ಟು ಬೆಳೆಯಲಾರದು. ಗಾತ್ರವನ್ನು ಬಯಸುವವರು ಇದರ ಜೊತೆಗೆ ದಂಡ ಹೊಡೆಯಬೇಕು, ಜಂತಿಗೆ ಜೋತುಬಿದ್ದು ಮೈಯನ್ನು ಎತ್ತಬೇಕು.

ಎದುರಾಳಿಯಿಲ್ಲದ ಕಾಳಗ ಹಳೆಯ ವಿದ್ಯೆ. ಗ್ರೀಸಿನ ಪ್ಲೇಟೋ ತನ್ನ ಇಳಿವಯಸ್ಸಿನ ಸಂವಾದಗ್ರಂಥದಲ್ಲಿ, ಸ್ಪರ್ಧೆಗೆ ಸಿದ್ಧನಾಗುವ ಮುಷ್ಟಿಮಲ್ಲನಿಗೆ ಜೊತೆಗಾರನು ದೊರೆಯದಿದ್ದರೆ ಜೀವವಿಲ್ಲದ ಬೊಂಬೆಯೊಂದನ್ನು ತೂಗಹಾಕಿಕೊಳ್ಳಲಿ, ಅದೂ ಇಲ್ಲದಿದ್ದರೆ ಬರಿಯ ನೆರಳಿನೊಡನೆ ಹೋರಾಡಲಿ ಎಂಬ ಆಶಯದ ಮಾತನ್ನು ಆಡಿಸಿದ್ದಾನೆ. ನಮ್ಮ ದುರ್ಯೋಧನನು ಬೊಂಬೆಯ ಪಕ್ಷದವನು. ಪಾಂಡವರು ರಾಜ್ಯ ಬಿಟ್ಟಿದ್ದ ಹದಿಮೂರು ವರ್ಷವೂ ಭೀಮನ ಲೋಹಪ್ರತಿಮೆಯನ್ನು ಎದುರಿಗಿಟ್ಟುಕೊಂಡು ಗದೆಯನ್ನು ಬೀಸಿದವನು. ಕಬ್ಬಿಣವೆಂಬುದು ಪೆಟ್ಟನ್ನು ಹಿಂದಿರುಗಿಸುವುದು. ಆದುದರಿಂದಲೇ ಅವನ ತೋಳಿಗೆ ಭೀಮನನ್ನು ಮೀರಿಸುವ ಪಳಗಿಕೆ ಬಂದಿದ್ದಿತು. ಯುದ್ಧ ಮುಗಿದ ಮೇಲೆ ಧೃತರಾಷ್ಟ್ರನ ಆಲಿಂಗನಕ್ಕೆ ಕೃಷ್ಣನು ಮುಂದೊಡ್ಡಿದ್ದೂ ಆ ಪ್ರತಿಮೆಯನ್ನೇ ಆದುದರಿಂದ, ಮಗನು ಭೀಮನನ್ನು ಕೊಲ್ಲುವುದಕ್ಕೆಂದು ಮಾಡಿಸಿದ ವ್ಯಾಯಾಮದ ಸಾಮಗ್ರಿ ಕಡೆಗೆ ಭೀಮನ ಪ್ರಾಣವನ್ನೇ ಉಳಿಸಿತು. ಕರಾವಳಿಯಲ್ಲಿ ಗದಾಯುದ್ಧದ ಆಟ ನೋಡುವಾಗಲೆಲ್ಲ ನನಗೆ ಈ ವಿಪರ್ಯಾಸ ನೆನಪಾಗುವುದು.

ತುಳುನಾಡಿನಲ್ಲಿ ಗರಡಿಯೆಂದರೆ ಈಗ ಕೈಮುಗಿಯುವ ಸ್ಥಳ. ಘಟ್ಟದ ಮೇಲಿನವರು ಗರಡಿಮನೆಯೆಂದೊಡನೆ ಕೆಮ್ಮಣ್ಣಿನ ಅಖಾಡವನ್ನೂ ಸಾಮು ಮಾಡುವ ಪೈಲವಾನರನ್ನೂ ನೆನೆದರೆ, ಮಂಗಳೂರಿನವರಿಗೆ ಕಂಕನಾಡಿಯ ಗರಡಿ, ಅಲ್ಲಿಯ ಬ್ರಹ್ಮಬೈದರ್ಕಳು, ಕೋಟಿ-ಚೆನ್ನಯರ ನೇಮ ಕಣ್ಣ ಮುಂದೆ ಬರುವುದು. ಅಂಗಸಾಧನೆಯ ಮನೆ ದೈವದ ಮನೆಯಾದ ಈ ಪರಿಣಾಮವನ್ನು ಕುರಿತು ಬೇರೆಯೇ ಬರೆಯಬೇಕು. ನನ್ನ ವಿಷಯಕ್ಕೆ ಬೇಕಾದದ್ದು ಇಷ್ಟೇ: ಸಾಮಿನ ಆ ಪರಂಪರೆ ಊರಿನಲ್ಲಿ ನಿಂತುಹೋಗದೆ ಹುಲಿವೇಷದಲ್ಲಿ, ದಸರಾ ಮೆರವಣಿಗೆಯ ತಾಲೀಮಿನಲ್ಲಿ ವೇಷ ಬದಲಿಸಿಕೊಂಡು ನಡೆದಿದೆ, ಅದರ ಮಗ್ಗುಲಿಗೆ ಹೊರನಾಡಿನ ಕರಾಟೆಯೂ ಬಂದು ಕುಳಿತಿದೆ. ಕರಾಟೆಯವರು ಕಟಾ ಎಂದು ಕರೆಯುವ ಅಭ್ಯಾಸವಾದರೂ ಕಾಣದ ವೈರಿಯೊಡನೆ ನಿಯತವಾದ ಹೆಜ್ಜೆಗಳಲ್ಲಿ ಮಾಡುವ ಕಾಳಗವೇ ಆಗಿದೆ. 2017ರ ನವೆಂಬರಿನಲ್ಲಿ ನೆಹರೂ ಮೈದಾನದ ಕರಾಟೆ ಸ್ಪರ್ಧೆಯ ಉದ್ಘಾಟನೆಯಂದು, ಸ್ವತಃ ಕರಾಟೆಪಟುವಾದ ಆಗಿನ ಮೇಯರ್ ಕವಿತಾ ಸನಿಲ್ ಅವರೂ ಮುಖ್ಯಮಂತ್ರಿ ಸಿದ್ದರಾಮಯ್ಯನವರೂ ಎದುರುಬದುರಾಗಿ ನಿಂತು ಮುಷ್ಟಿ ಚಾಚಿ ಹುಸಿಕಾಳಗವಾಡಿ ನೆರೆದವರನ್ನು ನಗಿಸಿದ್ದುಂಟು. ಗುದ್ದು ಯಾರಿಗೂ ತಾಗಲಿಲ್ಲವಾದುದರಿಂದ ಅದನ್ನೂ ನಮ್ಮ ವಿದ್ಯೆಯ ಲೆಕ್ಕಕ್ಕೇ ಸೇರಿಸಿಕೊಳ್ಳುತ್ತೇನೆ.

ಬಾಕ್ಸಿಂಗ್‌ನಲ್ಲಿ 1976ರ ಮಾಂಟ್ರಿಯಲ್ ಒಲಿಂಪಿಕ್ಸಿಗೆ ಹೋದ ಕೊಡಗಿನ ಚೇನಂಡ ಮಾಚಯ್ಯನವರಂಥವರು ನಮ್ಮ ನಾಡಿನಲ್ಲಿ ವಿರಳ. ಆದರೆ ಮನೆಯ ಮೂಲೆಯಲ್ಲಿ ಒಬ್ಬನೇ ನಿಂತು ಮೈಯನ್ನು ತಿದ್ದಿಕೊಳ್ಳುವ ಸಂಪ್ರದಾಯಕ್ಕೆ ಕನ್ನಡದಲ್ಲಿ ಒಬ್ಬ ದೊಡ್ಡ ಆಚಾರ್ಯರಿದ್ದರು. ‘ರೂಪದರ್ಶಿ’, ‘ಶಾಂತಲಾ’ ಕಾದಂಬರಿಗಳ ಕರ್ತೃವೆಂದು ನಾವು ಓದುವ ಕೆ. ವಿ. ಅಯ್ಯರ್ ಅವರೇ 1922ರಲ್ಲಿ ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ವ್ಯಾಯಾಮಶಾಲೆಯನ್ನು ತೆರೆದವರು. ಪಶ್ಚಿಮದ ಕಬ್ಬಿಣದ ಗುಂಡನ್ನೂ ನಮ್ಮ ದಂಡ, ಬಸ್ಕಿ, ಸೂರ್ಯನಮಸ್ಕಾರಗಳನ್ನೂ ಒಂದು ಪಂಕ್ತಿಯಲ್ಲಿ ಕೂರಿಸಿದವರು. ದೂರದ ಊರಿನವರಿಗೆ ಅಂಚೆಯ ಮೂಲಕವೂ ಪಾಠ ಕಳುಹಿಸುತ್ತಿದ್ದರು. ಟಪಾಲಿನಲ್ಲಿ ಬಂದ ಚಿತ್ರವನ್ನು ನೋಡಿ, ಬಾಗಿಲು ಮುಚ್ಚಿಕೊಂಡು, ಗುರುವೂ ಎದುರಾಳಿಯೂ ಇಲ್ಲದೆ ಅಭ್ಯಾಸ ಮಾಡಿದ ಆ ಶಿಷ್ಯರ ಮುಂದೆ ಇದ್ದದ್ದು ಕನ್ನಡಿಯೋ ಗೋಡೆಯ ನೆರಳೋ ಎರಡರಲ್ಲೊಂದು.

ಇನ್ನು ಮಾಡುವ ಬಗೆ. ಎಡಪಾದ ಮುಂದೆ, ಬಲಪಾದ ಒಂದು ಮೊಳ ಹಿಂದೆ ತುಸು ಹೊರಳಿ, ಮೊಣಕಾಲು ಸಡಿಲ, ಎರಡು ಮುಷ್ಟಿಗಳೂ ಗಲ್ಲದ ಮಗ್ಗುಲಿಗೆ, ಮೊಣಕೈಗಳು ಪಕ್ಕೆಗೆ ಅಂಟಿದಂತೆ. ಎಡಗೈಯವರು ಇದನ್ನು ತಿರುಗಿಸಿ ಓದಿಕೊಳ್ಳತಕ್ಕದ್ದು. ಮುಂದಿನ ಕೈಯ ನೇರವಾದ ಚುರುಕು ಗುದ್ದಿಗೆ ಜ್ಯಾಬ್ ಎಂದೂ, ಹಿಂದಿನ ಕೈಯ ನೇರ ಗುದ್ದಿಗೆ ಕ್ರಾಸ್ ಎಂದೂ, ಮಗ್ಗುಲಿನಿಂದ ಬಾಗಿ ಬರುವುದಕ್ಕೆ ಹುಕ್ ಎಂದೂ, ಕೆಳಗಿನಿಂದ ಗಲ್ಲಕ್ಕೆ ಏರುವುದಕ್ಕೆ ಅಪ್ಪರ್‌ಕಟ್ ಎಂದೂ ಹೆಸರು. ಮೊದಲ ಹದಿನೈದು ದಿನ ಮೊದಲಿನ ಎರಡೇ ಸಾಕು. ಗುದ್ದು ತೋಳಿನಲ್ಲಿ ಹುಟ್ಟುವುದೆಂಬುದು ನೋಡುವವನ ಭ್ರಾಂತಿ. ಹಿಂದಿನ ಪಾದದ ಬೆರಳು ನೆಲವನ್ನು ಒತ್ತಿದಾಗ ಅದು ಹುಟ್ಟಿ, ಸೊಂಟದ ತಿರುವಿನಲ್ಲಿ ಬೆಳೆದು, ಹೆಗಲಿಗೆ ಏರಿ, ಮುಷ್ಟಿಯಲ್ಲಿ ಮುಗಿಯುವುದು. ಉಸಿರು ಗುದ್ದಿನೊಡನೆ ಮೂಗಿನಿಂದ ಸುಯ್ಯನೆ ಹೊರಬೀಳಬೇಕು. ಹೋದ ದಾರಿಯಲ್ಲಿಯೇ, ಹೋದುದಕ್ಕಿಂತ ಬೇಗ, ಮುಷ್ಟಿ ಗಲ್ಲಕ್ಕೆ ಹಿಂದಿರುಗಬೇಕು. ನನ್ನ ಗುರುಗಳು ಹೆಚ್ಚು ಕೂಗಾಡಿದ್ದು ಇದೊಂದಕ್ಕೇ. “ಕೈ ಬಿಸಾಡ್ಬೇಡಿ ಮಾರಾಯ್ರೆ! ಕೊಟ್ಟದ್ದನ್ನು ವಾಪಾಸು ತನ್ನಿ!”

ಬಿಸಾಡಿದರೆ ಏನಾಗುವುದೆಂದು ನಾನು ಕಂಡುಕೊಂಡಿದ್ದೇನೆ. ಎರಡನೆಯ ವಾರ ಉತ್ಸಾಹ ಹೆಚ್ಚಿ, ಮೊಣಕೈ ಪೂರ್ತಿ ನೆಟ್ಟಗಾಗಿ ಕಟಕ್ಕೆಂದು ನಿಲ್ಲುವವರೆಗೆ ಬಲಗೈಯನ್ನು ಚಿಮ್ಮಿಸಿದೆನು; ಸ್ನಾಯುಗಳು ನಿಲ್ಲಿಸಬೇಕಾದ ವೇಗವನ್ನು ಮೂಳೆಯೇ ಮೂಳೆಗೆ ತಾಗಿ ನಿಲ್ಲಿಸಿತು. ಅನಂತರ ಹತ್ತು ದಿನ ಕೊಡಪಾನ ಎತ್ತುವ ಕೆಲಸದಿಂದ ನನಗೆ ಮನೆಯಲ್ಲಿ ವಿನಾಯಿತಿ ದೊರೆಯಿತು. ಮೊಣಕೈ ಪೂರ್ತಿ ನೆಟ್ಟಗಾಗುವ ಮೊದಲೇ ಗುದ್ದನ್ನು ಹಿಂದಕ್ಕೆ ಸೆಳೆಯುವುದೇ ಇದರ ಮರ್ಮ.

ಕೈಯಲ್ಲಿ ಸಣ್ಣ ಡಂಬೆಲ್ ಹಿಡಿದು ಗುದ್ದಿದರೆ ಬಲ ಬೇಗ ಬರುವುದಲ್ಲವೇ ಎಂದು ಎಲ್ಲರೂ ಕೇಳುವರು, ನಾನೂ ಕೇಳಿದೆನು. ತೂಕವೆಂಬುದು ನೆಲದ ಕಡೆಗೆ ಎಳೆಯುವುದೇ ಹೊರತು ಗುದ್ದಿನ ಎದುರು ದಿಕ್ಕಿಗೆ ಎಳೆಯುವುದಿಲ್ಲ. ಆದುದರಿಂದ ಅದು ಹೆಗಲಿನ ಮುಂಭಾಗಕ್ಕೆ, ಕೈ ಎತ್ತಿ ಹಿಡಿಯುವುದಕ್ಕೆ ಮಾತ್ರ ಭಾರ. ನಿಲ್ಲಿಸುವಾಗ ಮೊಣಕೈಗೂ ಹೆಗಲಿನ ಸಂದಿಗೂ ಅಪಾಯ. ಅರ್ಧ ಕಿಲೋ, ಹೆಚ್ಚೆಂದರೆ ಒಂದು ಕಿಲೋ, ಅದೂ ನಿಧಾನವಾಗಿ ಚಾಚುವುದಕ್ಕೆ ಮಾತ್ರ ಎಂಬುದು ಬಲ್ಲವರ ಮಾತು. ಅದಕ್ಕಿಂತ ಮೇಲಾದದ್ದು ಸೈಕಲ್ಲಿನ ಹಳೆಯ ಟ್ಯೂಬನ್ನು ಕಿಟಕಿಯ ಸರಳಿಗೆ ಕಟ್ಟಿ, ಬೆನ್ನ ಹಿಂದಿನಿಂದ ತಂದು ಮುಷ್ಟಿಯಲ್ಲಿ ಹಿಡಿದು ಗುದ್ದುವುದು. ರಬ್ಬರು ಗುದ್ದಿನ ಹಾದಿಯಲ್ಲಿಯೇ ಹಿಂದಕ್ಕೆ ಎಳೆಯುತ್ತದೆ. ಇನ್ನೂ ಮೇಲಾದದ್ದು ನೀರು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು ತನ್ನ ‘ಮಾನಸೋಲ್ಲಾಸ’ದಲ್ಲಿ ಮಲ್ಲರ ಅಭ್ಯಾಸಗಳನ್ನು ಎಣಿಸುವಾಗ ನೀರಿನೊಳಗಿನ ಶ್ರಮಕ್ಕೂ ಸ್ಥಾನ ಕೊಟ್ಟಿದ್ದಾನೆ. ನೀರು ಗಾಳಿಗಿಂತ ಸುಮಾರು 800 ಪಾಲು ಸಾಂದ್ರ. ಕೈಯ ವೇಗವನ್ನು ಇಮ್ಮಡಿ ಮಾಡಿದರೆ ಅದರ ತಡೆ ನಾಲ್ಮಡಿಯಾಗುವುದು. ಹೀಗಾಗಿ ಹೊಡೆಯುವವನ ಶಕ್ತಿಗೆ ತಕ್ಕಷ್ಟೇ ಎದುರಾಳಿಯಾಗಿ ಅದು ನಿಲ್ಲುವುದು. ಲೇಡಿಹಿಲ್ಲಿನ ಮಂಗಳಾ ಈಜುಕೊಳದಲ್ಲಿ ಎದೆಮಟ್ಟದ ನೀರಿಗಿಳಿದು ಹತ್ತು ಗುದ್ದು ಗುದ್ದಿ ನೋಡಿದರೆ ಸೋಮೇಶ್ವರನ ವಿವೇಕ ತಿಳಿಯುವುದು. ಮಳೆಗಾಲದಲ್ಲಿ ಈ ಪ್ರಯೋಗವನ್ನು ಪಣಂಬೂರಿನ ಕಡಲಿನಲ್ಲಿ ಮಾಡಹೊರಡುವುದು ಮಾತ್ರ ಸಾಹಸದ ಮಾತಲ್ಲ, ಮೂರ್ಖತನದ್ದು.

ನಮ್ಮ ಊರಿನ ಹವೆಯೂ ಒಂದು ಎದುರಾಳಿಯೇ. ಇಲ್ಲಿ ಬೆವರು ಸುರಿಯುವುದು, ಆರುವುದಿಲ್ಲ. ಆರದ ಬೆವರು ಮೈಯನ್ನು ತಂಪುಮಾಡದು. ಆದುದರಿಂದ ಬೆಳಗಿನ ಹೊತ್ತು, ಕಿಟಕಿ ತೆರೆದ ಕೋಣೆಯಲ್ಲಿ, ಮೊದಲು ಒಂದೊಂದು ನಿಮಿಷದ ಮೂರು ಸುತ್ತು, ವಾರಕ್ಕೆ ಮೂರು ದಿನ. ತಿಂಗಳ ಮೇಲೆ ಎರಡು ನಿಮಿಷ. ಅನಂತರವೇ ಕ್ವೀನ್ಸ್‌ಬೆರಿಯವರ ಮೂರು ನಿಮಿಷ. ಮುಗಿದ ಮೇಲೆ ಕುಚ್ಚಲಕ್ಕಿ ಗಂಜಿಯ ತಿಳಿಗೆ ಒಂದು ಹರಳು ಉಪ್ಪು ಹಾಕಿ ಕುಡಿದರೆ ಪೇಟೆಯ ಬಣ್ಣದ ಪಾನೀಯಗಳ ಅಗತ್ಯ ಬೀಳದು. ಹೃದಯದ ತೊಂದರೆಯೋ ರಕ್ತದೊತ್ತಡವೋ ಉಳ್ಳವರು, ಹೆಗಲಿನ ಕೀಲು ಪೂರ್ತಿ ಹಿಡಿದುಹೋಗಿರುವವರು ಮೊದಲು ವೈದ್ಯರನ್ನು ಕಂಡು ಬರತಕ್ಕದ್ದು.

ನಾಲ್ಕು ತಿಂಗಳು ಕಳೆದಿವೆ. ಮುಡಿ ಎತ್ತುವ ಶಕ್ತಿ ನನಗೆ ಬಂದಿಲ್ಲ, ತೋಳಿನ ಅಳತೆ ದರ್ಜಿಗೆ ಗೊತ್ತಾಗುವಷ್ಟು ಬದಲಾಗಿಲ್ಲ. ಆದರೆ ಮೊನ್ನೆ ಸಂಜೆ ಸ್ಟೇಟ್‌ಬ್ಯಾಂಕಿನಿಂದ ಸುರತ್ಕಲ್ಲಿನವರೆಗೆ, ಕಾಲಿಡುವುದಕ್ಕೂ ಎಡೆಯಿಲ್ಲದ ಸಿಟಿ ಬಸ್ಸಿನಲ್ಲಿ, ತಲೆಯ ಮೇಲಿನ ಸರಳನ್ನು ಅದೇ ಎಡಗೈಯಿಂದ ಹಿಡಿದು ನಿಂತವನು ಕೂಳೂರು ಸಂಕ ದಾಟಿದ ಮೇಲೆ, ಆ ಕೈಯನ್ನು ಒಮ್ಮೆಯೂ ಇಳಿಸಿಲ್ಲವೆಂಬುದನ್ನು ತಟ್ಟನೆ ಗಮನಿಸಿದೆನು. ಇದನ್ನು ಯಾರಿಗಾದರೂ ಹೇಳಬೇಕೆನಿಸಿ ಪಕ್ಕಕ್ಕೆ ತಿರುಗುವಷ್ಟರಲ್ಲಿ ಕಂಡಕ್ಟರನು ನನ್ನ ಬೆನ್ನನ್ನು ತಟ್ಟಿ, “ಎದುರು ಹೋಗಿ ಮಾರಾಯ್ರೆ, ಎದುರು ಖಾಲಿ ಉಂಟು” ಎಂದನು.